ನಿಲ್ಲುವ ರೈಲಿನಲ್ಲಿ ಉಪ್ಪ

ಫಾತೋರ್ಡಾಕ್ಕೆ ಬಂದು ನನಗೆ ಆರು ವರ್ಷವಾಯಿತು. ವೆರ್ಣಾದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ಮೆಂಟೆನೆನ್ಸ್ ಕೆಲಸ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದಾಗ ಮುಲ್ಕಿಯ ನಮ್ಮ ದಿನಸಿ ಅಂಗಡಿಯನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಉಪ್ಪ ಅಂದುಕೊಂಡಿದ್ದರು. "ದಿನವಿಡೀ ಒಂದೇ ಕಡೆ ಕೂತು ಕಲಿಯಲಿಕ್ಕೆ ಎಂತ ಉಂಟು?" ಎಂದು ಸಿಟ್ಟಿನಲ್ಲಿ ಹೇಳಿಬಿಟ್ಟೆ. ಅವರು ಉತ್ತರ ಕೊಡಲಿಲ್ಲ. ಆಮೇಲೆ ನಾವು ಮಾತಾಡದೆ ಇದ್ದವರಲ್ಲ, ಆದರೆ ಆ ಮಾತು ಮಾತ್ರ ಹಾಗೆಯೇ ಉಳಿಯಿತು.

ಕಳೆದ ವರ್ಷ ಮಳೆ ನಿಂತ ಮೇಲೆ ನಾಲ್ಕು ದಿನಕ್ಕೆಂದು ನನ್ನ ಮನೆಗೆ ಬರಲು ಒಪ್ಪಿದರು. ಕರೆತರಲು ನಾನೇ ಹೋದೆ. 2023ರ ಡಿಸೆಂಬರ್ 30ರಂದು ಶುರುವಾದ ಮಂಗಳೂರು–ಮಡಗಾಂವ್ ವಂದೇ ಭಾರತ್‌ನಲ್ಲಿ ಹೋದರೆ ಐದು ಗಂಟೆಯೊಳಗೆ ತಲುಪಬಹುದು ಎಂದೆ.

"ಅದು ಮುಲ್ಕಿಯಲ್ಲಿ ನಿಲ್ಲುತ್ತದಾ?"

"ಇಲ್ಲ. ಉಡುಪಿ, ಕಾರವಾರ ಮಾತ್ರ."

"ಹಾಗಾದರೆ ನಿಲ್ಲುವ ರೈಲಿನಲ್ಲೇ ಹೋಗುವ."

ಬೆಳಗ್ಗಿನ ಲೋಕಲ್ ರೈಲು ಹತ್ತಿದೆವು. ನಾನು ಮೊಬೈಲ್ ನೋಡುತ್ತಿದ್ದೆ, ಉಪ್ಪ ಸ್ಟೇಷನ್ನಿನ ಬೋರ್ಡುಗಳನ್ನು ಓದುತ್ತಿದ್ದರು. ಕುಮಟಾ ಬಂದಾಗ, "ಇಲ್ಲಿಯ ನೀರುಳ್ಳಿ ಸಿಹಿ. ಗೊಂಚಲು ಕಟ್ಟಿ ಮಾರುತ್ತಾರೆ. ನಮ್ಮ ಅಂಗಡಿಯಲ್ಲೂ ನೇತುಹಾಕುತ್ತಿದ್ದೆ, ನಿನಗೆ ನೆನಪುಂಟಾ?" ಎಂದರು. ಊರುಗಳನ್ನು ಅವರು ಸಾಮಾನಿನಿಂದ ತಿಳಿದಿದ್ದರು, ಕಣ್ಣಿನಿಂದ ನೋಡುವುದು ಇದೇ ಮೊದಲು. ಹೊನ್ನಾವರದಲ್ಲಿ ಶರಾವತಿಯ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಅದು ಮುಗಿಯುವವರೆಗೆ ಕಿಟಕಿಯ ಸರಳು ಹಿಡಿದು ಕೂತಿದ್ದವರು, ಆಚೆ ದಡ ಬಂದ ಮೇಲೆ "ಅಲ್‌ಹಮ್ದುಲಿಲ್ಲಾಹ್" ಎಂದರು.

ಮರುದಿನ ಸುಬಹಿ ನಮಾಝ್ ಆದ ಮೇಲೆ ಬೀದಿಯಲ್ಲಿ ಪೊಂಯ್ ಪೊಂಯ್ ಎಂದು ಹಾರ್ನ್ ಕೇಳಿತು. ಸೈಕಲ್ಲಿನ ಹಿಂದೆ ದೊಡ್ಡ ಬುಟ್ಟಿ ಕಟ್ಟಿಕೊಂಡು ಬ್ರೆಡ್ ಮಾರುವ ಪೊದೇರ್ ದಿನಾಲೂ ಬರುತ್ತಾನೆ. ಈ ಆರು ವರ್ಷ ಆ ಹಾರ್ನ್ ನನಗೆ ಅಲಾರಂ ಮಾತ್ರ ಆಗಿತ್ತು. ಉಪ್ಪ ಗೇಟಿನ ಬಳಿ ಹೋಗಿ ಅವನನ್ನು ನಿಲ್ಲಿಸಿದರು. ನಾನು ಹಿಂದಿಯಲ್ಲಿ ಮಾತಾಡಲು ಓಡಿ ಹೋದರೆ, ಅವರು ಆಗಲೇ ಕೊಂಕಣಿಯಲ್ಲಿ ಶುರು ಮಾಡಿದ್ದರು!

ಗೋವಾದ ಬ್ರೆಡ್ಡಿಗೆ ಹಿಂದೆ ಹಿಟ್ಟು ಹುಳಿ ಬರಿಸಲು ತೆಂಗಿನ ಕಳ್ಳು ಹಾಕುತ್ತಿದ್ದರು. ಅದನ್ನು ಎಲ್ಲಿಯೋ ಕೇಳಿದ್ದ ಉಪ್ಪ ಮೊದಲು ಅದನ್ನೇ ವಿಚಾರಿಸಿದರು. ತಮ್ಮ ಭಟ್ಟಿಯಲ್ಲಿ ಈಗ ಯೀಸ್ಟ್ ಮಾತ್ರ ಎಂದು ಅವನು ನಕ್ಕ. ತವುಡು ಮೆತ್ತಿದ ಪೊಯಿ, ಬಳೆಯಂತಿರುವ ಕಾಂಕಣ್, ಎಲ್ಲವನ್ನೂ ತೆಗೆದು ತೋರಿಸಿದ. ಆರು ವರ್ಷದಲ್ಲಿ ನಾನು ಇದನ್ನು ಒಮ್ಮೆಯೂ ಕೇಳಿರಲಿಲ್ಲ.

"ಕೊಂಕಣಿ ಯಾವಾಗ ಕಲಿತಿರಿ ಉಪ್ಪ?"

"ಅಂಗಡಿಗೆ ಬರುವ ಕೊಂಕಣಿಯವರಿಂದ. ಇಲ್ಲಿಯದ್ದು ಸ್ವಲ್ಪ ಬೇರೆ, ಆದರೆ ಅರ್ಥ ಆಗುತ್ತದೆ."

ಬ್ಯಾರಿ, ತುಳು, ಕನ್ನಡ, ಕೊಂಕಣಿ, ಬೇಕಾದಷ್ಟು ಮಲಯಾಳಂ. ಎಲ್ಲವೂ ಒಂದೇ ತಕ್ಕಡಿಯ ಹಿಂದೆ ಕೂತು ಕಲಿತದ್ದು. ಅಂದು ನಾನು ಹೇಳಿದ್ದ ಮಾತು ನೆನಪಾಗಿ ನನಗೆ ತಲೆ ಎತ್ತಲಾಗಲಿಲ್ಲ.

ಉಳಿದ ದಿನಗಳಲ್ಲಿ ಅವರು ಬೀಚ್ ನೋಡಬೇಕೆಂದು ಕೇಳಲಿಲ್ಲ. ಬೆಳಗ್ಗೆ ನೆಹರೂ ಸ್ಟೇಡಿಯಂ ಕಡೆಗೆ ನಡೆಯುವುದು, ಸಂಜೆ ಮೂಲೆಯ ಸಣ್ಣ ಅಂಗಡಿಯ ಬೆಂಚಿನಲ್ಲಿ ಕೂತು ಅಂಗಡಿಯವರ ಹತ್ತಿರ ಸಾಲದ ಪುಸ್ತಕದ ಕಷ್ಟಸುಖ ಮಾತಾಡುವುದು. ಹೊರಡುವ ಹಿಂದಿನ ರಾತ್ರಿ, "ಮುಂದಿನ ವರ್ಷ ಅಂಗಡಿ ಮುಚ್ಚುವ ಅಂತ ಇದ್ದೇನೆ. ನಿನ್ನ ಮೇಲೆ ಬೇಜಾರಿಲ್ಲ" ಎಂದರು. ನಾನು ಕ್ಷಮೆ ಕೇಳಬೇಕಿತ್ತು. ಬಾಯಿಗೆ ಬಂದದ್ದು, "ಇನ್ನೂ ಎರಡು ದಿನ ಇರಿ" ಎಂಬುದು ಮಾತ್ರ. ಅವರು ಎರಡು ದಿನ ಇದ್ದರು.

ಈಗ ಬೆಳಗ್ಗೆ ನಾನು ಗೇಟಿನ ಬಳಿ ಕಾಯುತ್ತೇನೆ. ಪೊದೇರ್ ಹೇಳಿದ ಯಾವುದಾದರೂ ಮಾತು ಅರ್ಥವಾಗದಿದ್ದರೆ ಊರಿಗೆ ಫೋನ್ ಮಾಡಿ ಉಪ್ಪನಲ್ಲಿ ಕೇಳುತ್ತೇನೆ. ಅಂಗಡಿಯಲ್ಲಿ ಗಿರಾಕಿ ಇದ್ದರೂ, "ಒಂದು ನಿಮಿಷ ನಿಲ್ಲಿ, ಮಗ ಫೋನಿನಲ್ಲಿದ್ದಾನೆ" ಎಂದು ಅವರಿಗೆ ಹೇಳಿ, ನನಗೆ ನಿಧಾನವಾಗಿ ಹೇಳಿಕೊಡುತ್ತಾರೆ.