ಕೈಗಾದ ಕೂಲರ್ ನೀರು

ಕಳೆದ ಸಲ ರಜೆಯಲ್ಲಿ ಕಾಪುವಿಗೆ ಹೋದಾಗ ಅಮ್ಮ ಊಟ ಬಡಿಸುವ ಮೊದಲೇ ಫೋನು ಮುಂದೆ ಹಿಡಿದಳು. ಫ್ಯಾಮಿಲಿ ಗ್ರೂಪಿಗೆ ಯಾರೋ ಹಾಕಿದ ಮೆಸೇಜು. ಕೈಗಾದ ಮೇಲೆ ಉಗ್ರರ ಕಣ್ಣು ಬಿದ್ದಿದೆಯಂತೆ, ಕರಾವಳಿಯೇ ಖಾಲಿಯಾದೀತಂತೆ. ಜೊತೆಗೆ ಅಣಬೆ ಮೋಡದ ಚಿತ್ರ.

"ಹೌದಾ? ಇಲ್ಲಿವರೆಗೂ ಬರ್ತದಾ ಅದು?"

"ಕೈಗಾ ಇಲ್ಲಿಂದ ಇನ್ನೂರು ಕಿಲೋಮೀಟರ್ ಮೇಲೆ ಉಂಟು. ಅದು ವಿದ್ಯುತ್ ಸ್ಥಾವರ ಅಮ್ಮ, ಹಿರೋಶಿಮಾದ ಬಾಂಬಿನ ಹಾಗೆ ಸಿಡಿಯುದಿಲ್ಲ" ಅಂದೆ.

"ಹಾಗಾದ್ರೆ ಎಂತದೂ ಆಗುದಿಲ್ವಾ?"

ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಯಾಕೆಂದರೆ ಕೈಗಾದಲ್ಲಿ ಒಮ್ಮೆ ಆಗಿತ್ತು. 2009ರ ನವೆಂಬರಿನಲ್ಲಿ ಯಾರೋ ಅಲ್ಲಿನ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಸುಮಾರು 50 ನೌಕರರ ದೇಹಕ್ಕೆ ಅದು ಸೇರಿತ್ತು. ಒಳಗಿನವರದ್ದೇ ಕಿಡಿಗೇಡಿತನ ಎಂದು ಅಣುಶಕ್ತಿ ಆಯೋಗದ ಆಗಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಹೇಳಿದ್ದರು. ನಾವು ಆಕಾಶ ನೋಡಿ ಹೆದರುತ್ತೇವೆ. ಅಲ್ಲಿ ಕೈಯಾಡಿಸಿದವರಿಗೆ ಗೇಟ್ ಪಾಸ್ ಇತ್ತು. ಪತ್ತೆಯಾದದ್ದು ಕೂಡ ನೌಕರರಿಗೆ ಮಾಮೂಲಾಗಿ ಮಾಡುವ ಮೂತ್ರ ಪರೀಕ್ಷೆಯಿಂದ. ಚಿಕಿತ್ಸೆಯೆಂದರೆ ಹೆಚ್ಚು ನೀರು ಕುಡಿಸಿ ಮೂತ್ರದಲ್ಲಿ ಹೊರಹಾಕಿಸುವುದು.

ಅಮ್ಮನಿಗೆ ಇನ್ನೊಂದು ಕಥೆಯನ್ನೂ ಹೇಳಿದೆ. 1987, ಬ್ರೆಜಿಲ್‌ನ ಗೋಯಾನಿಯಾ ನಗರ. ಪಾಳುಬಿದ್ದ ಕ್ಯಾನ್ಸರ್ ಚಿಕಿತ್ಸಾಲಯದ ಯಂತ್ರವೊಂದು ಗುಜರಿ ಅಂಗಡಿ ಸೇರಿತು. ಅದರೊಳಗಿನ ಸೀಸಿಯಂ ನಾಲ್ವರನ್ನು ಕೊಂದಿತು. ವಿಕಿರಣದ ಧೂಳು ತಗಲಿದ್ದು 249 ಮಂದಿಗೆ. ತಪಾಸಣೆಗೆ ಬಂದವರು ಮಾತ್ರ 1,12,000ಕ್ಕೂ ಹೆಚ್ಚು! ಅಲ್ಲಿ ಉಗ್ರರು ಯಾರೂ ಇರಲಿಲ್ಲ. ಆದರೆ ಡರ್ಟಿ ಬಾಂಬ್ ಇಡುವವನಿಗೆ ಬೇಕಾದದ್ದು ಈ ಕೊನೆಯ ಸಂಖ್ಯೆಯೇ. ಸಾಯುವವರಿಗಿಂತ ನೂರಾರು ಪಟ್ಟು ಹೆಚ್ಚು ಜನ ಹೆದರಬೇಕು, ಊರು ಬಿಟ್ಟು ಓಡಬೇಕು, ಒಬ್ಬರನ್ನೊಬ್ಬರು ಮುಟ್ಟಲು ಅಂಜಬೇಕು. ನಮ್ಮ ಗ್ರೂಪಿನ ಮೆಸೇಜು ಆ ಕೆಲಸವನ್ನು ಬಾಂಬೇ ಇಲ್ಲದೆ, ಪುಕ್ಕಟೆ ಮಾಡಿಕೊಡುತ್ತಿತ್ತು.

"ಹಾಗಂತ ಹೆದರುದೇ ಬೇಡ ಅಂತಲ್ಲ ಅಮ್ಮ. ಒಳಗೆ ಹೋಗುವವರನ್ನು ಸರಿಯಾಗಿ ತಪಾಸಣೆ ಮಾಡ್ತಾರಾ, ಏನಾದ್ರೂ ಆದ್ರೆ ನಮಗೆ ಕೂಡಲೇ ಹೇಳ್ತಾರಾ ಅಂತ ಕೇಳ್ಬೇಕು."

ಅಮ್ಮ ಬಂಗುಡೆ ಸಾರು ಬಡಿಸುತ್ತಾ ಕೇಳಿದಳು, "ಮೆಸೇಜ್ ಬಂದು ಮೂರು ದಿನ ಆಯ್ತು. ನೀನು ನೋಡಿದ್ದಿ ಅಲ್ವಾ?"

ನೋಡಿದ್ದೆ. ನಕ್ಕು, ಗ್ರೂಪನ್ನು ಮ್ಯೂಟ್ ಮಾಡಿದ್ದೆ.

"ಇಷ್ಟೆಲ್ಲ ಗೊತ್ತಿದ್ದೂ ಸುಮ್ನಿದ್ಯಲ್ಲ. ನಾನು ಮೂರು ರಾತ್ರಿ ನಿದ್ದೆ ಮಾಡ್ಲಿಲ್ಲ."

ಕೈ ತೊಳೆದು ಬಂದವನೇ ಗ್ರೂಪಿಗೆ ಬರೆಯಲು ಕೂತೆ.