ಖಲ್ವದಲ್ಲಿ ಮಾಯವಾದ ಪಾದರಸ

ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ಸಯ್ಯಾಜಿರಾವ್ ರಸ್ತೆ ಹಿಡಿದು ನಡೆದರೆ ಸರ್ಕಾರಿ ಆಯುರ್ವೇದ ಆಸ್ಪತ್ರೆಯ ಹಳೆಯ ಕಟ್ಟಡ ಸಿಗುತ್ತದೆ. ಅಲ್ಲಿಂದ ಒಂದಷ್ಟು ದೂರದಲ್ಲಿ, ಗಲ್ಲಿಯೊಂದರೊಳಗೆ, ನನ್ನ ಪರಿಚಯದ ಪಂಡಿತರ ಔಷಧಶಾಲೆ ಇದೆ. ಹೆಸರು ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ. ಬಾಗಿಲಲ್ಲೇ ಶುಂಠಿ, ನೆಲ್ಲಿಕಾಯಿ, ಬೆಲ್ಲದ ಪಾಕ ಎಲ್ಲ ಬೆರೆತ ವಾಸನೆ. ಏಳನೆಯ ತರಗತಿಯ ಮೊಮ್ಮಗಳನ್ನೂ ಕರೆದುಕೊಂಡು ಹೋಗಿದ್ದೆ.

ಹಿತ್ತಲಲ್ಲಿ, ನಾಲ್ಕೂ ಕಡೆ ಗಾಳಿಯಾಡುವ ಹೆಂಚಿನ ಚಪ್ಪರದ ಕೆಳಗೆ, ದೋಣಿಯ ಆಕಾರದ ಒಂದು ಕಪ್ಪು ಕಲ್ಲು.

"ತಾತ, ಇದರಲ್ಲಿ ದೋಸೆಹಿಟ್ಟು ರುಬ್ತಾರಾ?"

ಪಂಡಿತರು ನಕ್ಕರು. "ಇದು ಖಲ್ವ ಕಣಮ್ಮ. ಇದರಲ್ಲಿ ರುಬ್ಬಿದ್ದನ್ನ ಅಡುಗೆಮನೆ ಹತ್ರಾನೂ ಸೇರಿಸಬಾರದು."

ಅವರು ಪಾದರಸದ ಪುಟ್ಟ ಸೀಸೆಯನ್ನು ಮುಚ್ಚಳ ಬಿಗಿದೇ ಅವಳ ಕೈಗಿಟ್ಟರು. ಕೈ ಕೆಳಗೆ ಜಗ್ಗಿತು. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಇನ್ನೊಂದು ಡಬ್ಬಿಯಲ್ಲಿ ಹಳದಿ ಗಂಧಕದ ಪುಡಿ. ತುಪ್ಪದಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಹಾಲಿಗೆ ಸುರಿದು ಶುದ್ಧಿ ಮಾಡಿದ್ದು. ಎರಡನ್ನೂ ಸಮತೂಕ ಹಾಕಿ, ಮುಖಕ್ಕೆ ಮುಸುಕು, ಕೈಗೆ ಗವಸು ಹಾಕಿದ್ದ ಕೆಲಸಗಾರ ಅರೆಯತೊಡಗಿದ. ಪಾದರಸ ಹನಿಹನಿಯಾಗಿ ಗುಂಡಿನಿಂದ ತಪ್ಪಿಸಿಕೊಂಡು ಓಡುತ್ತಿತ್ತು. ಒಂದು ಕಡೆ ಕೂರದ ಹುಡುಗರನ್ನು ನಾವು ಪಾದರಸ ಎನ್ನುವುದು ಸುಮ್ಮನೆ ಅಲ್ಲ.

ಆದರೆ ಓಟ ಬಹಳ ಹೊತ್ತು ನಡೆಯಲಿಲ್ಲ. ಹನಿಗಳು ಸಣ್ಣವಾದವು, ಹಳದಿ ಬೂದಾಯಿತು, ಬೂದು ಕಪ್ಪಾಗುತ್ತ ಬಂತು. ಒಲೆಯಿಲ್ಲ, ನೀರಿಲ್ಲ, ಬರೀ ಅರೆತ. ದಿನಗಟ್ಟಲೆ ಹೀಗೆ ಅರೆದರೆ ಕಾಡಿಗೆಯಂಥ ನುಣುಪಾದ ಪುಡಿಯಾಗುತ್ತದೆ. ಸಂಸ್ಕೃತದಲ್ಲಿ ಕಾಡಿಗೆಗೆ ಕಜ್ಜಲ, ಆದ್ದರಿಂದ ಈ ಪುಡಿಗೆ ಕಜ್ಜಲಿ ಎಂದು ಹೆಸರು.

ಬೀಸುಕಲ್ಲಿನಲ್ಲಿ ರಾಗಿ ಬೀಸಿದರೆ ಹಿಟ್ಟಾದರೂ ಅದು ರಾಗಿಯೇ. ಇಲ್ಲಿ ಹಾಗಲ್ಲ. ಪಾದರಸವೂ ಗಂಧಕವೂ ಕೂಡಿ ಬೇರೊಂದೇ ವಸ್ತು, ಪಾದರಸದ ಸಲ್ಫೈಡ್, ಹುಟ್ಟುತ್ತದೆ. ಗುಂಡಿನ ಒಂದೊಂದು ಒತ್ತಿಗೂ ಕಣಗಳು ಒಡೆಯುತ್ತವೆ, ಮೇಲಿನ ಪದರ ಸುಲಿದು ಒಳಗಿನ ಹೊಸ ಮೈ ತೆರೆಯುತ್ತದೆ, ಅದು ಪಕ್ಕದ ಕಣಕ್ಕೆ ಅಂಟಿ ಬೆರೆಯುತ್ತದೆ. ಸುಮಾರು 6 ಪಾಲು ಪಾದರಸಕ್ಕೆ 1 ಪಾಲು ಗಂಧಕ ಸಾಕು. ಸಮತೂಕ ಹಾಕಿದಾಗ ಗಂಧಕ ಬಹಳಷ್ಟು ಉಳಿಯುತ್ತದೆ. ಎಷ್ಟು ಉಳಿಯುತ್ತದೆಂದು ಮೊಮ್ಮಗಳು ಅಲ್ಲೇ ಬೆರಳೆಣಿಸಿ ಲೆಕ್ಕ ಹಾಕತೊಡಗಿದಳು.

ಇದರ ತಿರುಗುಮುರುಗು ಕೆಲಸವನ್ನು ಸುಮಾರು 2300 ವರ್ಷಗಳ ಹಿಂದೆ ಗ್ರೀಸಿನ ಥಿಯೊಫ್ರಾಸ್ಟಸ್ ಬರೆದಿಟ್ಟಿದ್ದಾನೆ. ಇಂಗಳೀಕವೆಂಬ ಕೆಂಪು ಖನಿಜವೂ ಪಾದರಸ, ಗಂಧಕಗಳ ಕೂಡಿಕೆಯೇ. ಅದನ್ನು ವಿನಿಗರ್ ಹಾಕಿ ತಾಮ್ರದ ಪಾತ್ರೆಯಲ್ಲಿ ತಾಮ್ರದ ಗುಂಡಿನಿಂದಲೇ ಅರೆದರೆ ಪಾದರಸ ಹೊರಬರುತ್ತದೆ. ಗಂಧಕವನ್ನು ತಾಮ್ರ ಕಿತ್ತುಕೊಳ್ಳುತ್ತದೆ.

ಅರೆದಾಗ ಬಿಸಿಯಾಗುತ್ತದಲ್ಲ, ಆ ಬಿಸಿಯದೇ ಈ ಕೆಲಸ ಎನ್ನಬಹುದು. ಅದಕ್ಕೆ ಉತ್ತರ ಕೊಟ್ಟವರು ಅಮೆರಿಕದ ಫಿಲಡೆಲ್ಫಿಯಾದ ಮ್ಯಾಥ್ಯೂ ಕೇರಿ ಲೀ. ಮರ್ಕ್ಯುರಿಕ್ ಕ್ಲೋರೈಡನ್ನು ಕಾಯಿಸಿದರೆ ಅದು ಆವಿಯಾಗಿ ಮೇಲೆದ್ದು ಮತ್ತೆ ಹಾಗೆಯೇ ಕೂರುತ್ತದೆ. ಅದನ್ನೇ ಖಲ್ವದಲ್ಲಿ ಬಲವಾಗಿ ಅರೆದರೆ ಒಡೆಯತೊಡಗುತ್ತದೆ ಎಂದು 1890ರ ದಶಕದಲ್ಲಿ ತೋರಿಸಿದರು. ಬೆಂಕಿ ಮಾಡದ್ದನ್ನು ತೋಳು ಮಾಡಿತು! ಈಗ ತೋಳಿನ ಕೆಲಸ ಉಕ್ಕಿನ ಗುಂಡುಗಳು ತುಂಬಿದ ತಿರುಗುವ ಪೀಪಾಯಿಗಳದು. ದ್ರಾವಣಗಳೇ ಇಲ್ಲದೆ ರಾಸಾಯನಿಕಗಳನ್ನೂ, ಒಲೆಯಲ್ಲಿ ಕರಗಿಸಿ ಬೆರೆಸಲು ಬಾರದ ಲೋಹಗಳನ್ನೂ ಅದರಲ್ಲಿ ಕೂಡಿಸುತ್ತಾರೆ.

ಪಂಡಿತರ ಮಗನೂ ಅಂಥ ಯಂತ್ರ ತರೋಣ ಎನ್ನುತ್ತಾನಂತೆ. ಕೆಲಸಗಾರನ ಭುಜ ನೋಡಿದರೆ ನನಗೂ ಅದೇ ಸರಿಯೆನಿಸಿತು. "ತರಲಿ," ಎಂದರು ಪಂಡಿತರು. "ಪರೀಕ್ಷೆ ಮಾತ್ರ ಕಣ್ಣಲ್ಲೇ ಮಾಡಬೇಕು." ಪುಡಿ ಬೆರಳಿನ ಗೆರೆಗಳೊಳಗೆ ತುಂಬಬೇಕು, ನೀರಿನ ಮೇಲೆ ತೇಲಬೇಕು. ಬಿಸಿಲಿಗೆ ಹಿಡಿದರೆ ಒಂದು ಚೂರೂ ಮಿನುಗಬಾರದು. ಮಿನುಗಿದರೆ ಕೂಡದೆ ಉಳಿದ ಪಾದರಸ ಅದರಲ್ಲಿದೆ ಎಂದರ್ಥ.

ಒಡೆದ ಥರ್ಮಾಮೀಟರಿನ ಪಾದರಸವನ್ನು ಅಂಗೈಯಲ್ಲಿ ಆಡಿಸಿದವರು ನಮ್ಮ ಕಾಲದಲ್ಲಿ ಬೇಕಾದಷ್ಟು ಜನ. ಮಕ್ಕಳೇ, ನೀವು ಮುಟ್ಟಬೇಡಿ. ಅದರ ಆವಿ ಕಣ್ಣಿಗೆ ಕಾಣುವುದಿಲ್ಲ, ಉಸಿರಿನೊಳಗೆ ಹೋದರೆ ಮಿದುಳಿಗೂ ಮೂತ್ರಪಿಂಡಕ್ಕೂ ಕೇಡು. ಮನೆಯಲ್ಲಿ ಇಂಥದ್ದೇನನ್ನೂ ಅರೆಯಲು ಹೋಗಬೇಡಿ. ದೊಡ್ಡವರೂ ಅಷ್ಟೆ, ಪಾದರಸ ಸೇರಿದ ಔಷಧವನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಹೊರಡುವ ಮುಂಚೆ ಪಂಡಿತರು ಹಿಂದಿನ ವಾರದಿಂದ ಅರೆದಿದ್ದ ಕಜ್ಜಲಿಯನ್ನು ಕಾಗದದ ಮೇಲೆ ಹರಡಿ ಬಿಸಿಲಿಗೆ ಹಿಡಿದರು. ಕನ್ನಡಕ ಏರಿಸಿ ನೋಡಿ, "ಆಗಿದೆ" ಎಂದರು. ನನಗೂ ಕಪ್ಪು ಬಿಟ್ಟರೆ ಏನೂ ಕಾಣಲಿಲ್ಲ.

"ತಾತ, ಆ ಮೂಲೇಲಿ," ಎಂದಳು ಮೊಮ್ಮಗಳು, ಕೈ ಬೆನ್ನ ಹಿಂದೆ ಕಟ್ಟಿಕೊಂಡೇ. "ಸಾಸಿವೆಗಿಂತ ಚಿಕ್ಕದು. ಹೊಳೀತಿದೆ."

ಪಂಡಿತರು ಭೂತಗನ್ನಡಿ ತರಿಸಿದರು. ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಏನೂ ಹೇಳದೆ ಕಾಗದವನ್ನು ಜೋಪಾನವಾಗಿ ಮಡಚಿ, ಪುಡಿಯನ್ನೆಲ್ಲ ಖಲ್ವಕ್ಕೆ ಸುರಿಸಿದರು.