ಬೇಕಲದಲ್ಲಿ ಒಂದು ಹಗಲು

ನಮ್ಮ ಕಾಸರಗೋಡಿನವರಿಗೆ ವಿಹಾರವೆಂದರೆ ಬೇಕಲ ಕೋಟೆ. ಸುಮಾರು 40 ಎಕರೆ ಹರಹಿನ ಈ ಮುರಕಲ್ಲಿನ ದುರ್ಗವನ್ನು 1650ರ ಸುಮಾರಿಗೆ ಕಟ್ಟಿಸಿದವನು ಕೆಳದಿಯ ಶಿವಪ್ಪನಾಯಕ. ಕಳೆದ ಮಾಗಿಯಲ್ಲಿ ವೃದ್ಧಮಾತೆಯನ್ನೂ ಮಲಯಾಳ ಶಾಲೆಯಲ್ಲಿ ಓದುವ ಮಗನನ್ನೂ ಕರೆದುಕೊಂಡು ಅಲ್ಲಿಗೆ ಹೋಗಿದ್ದೆವು. ನಡುವಣ ವೀಕ್ಷಣಾಗೋಪುರವನ್ನು ಏರಲಾರದೆ ತಾಯಿ ಕೆಳಗೇ ಕುಳಿತರು. ಮಗ ಓಡಿ ಹತ್ತಿ, ಕಂಡ ಕಡಲನ್ನು ಅಜ್ಜಿಗೆ ಬಂದು ಬಣ್ಣಿಸಿದ. ಮಧ್ಯಾಹ್ನ ಕಡಲತಡಿಯಲ್ಲಿ ಬುತ್ತಿ ಬಿಚ್ಚಿ, ಹಲಸಿನೆಲೆಯಲ್ಲಿ ಬೆಂದ ಕಡುಬನ್ನು ಹಂಚುತ್ತ ಅವರು ನಾಯಕನ ಕಥೆಯನ್ನು ಹೇಳಿದರು. “ಕೆಳದಿ ಎಂದು ಕನ್ನಡದಲ್ಲಿ ಬರೆಯುವುದು ಹೇಗೆ, ಅಜ್ಜಿ?” ಎಂದ ಹುಡುಗ. ತಾಯಿ ಮರಳಿನ ಮೇಲೆ ಬರೆದು ತೋರಿಸಿದರು. ಅವನು ಅದರ ಮೇಲೆಯೇ ತಿದ್ದಿದ. ಅಲೆ ಬಂದು ಅಳಿಸಿದಾಗ ತಾನೇ ಮತ್ತೊಮ್ಮೆ ಬರೆದ. ದೂರದ ಯಾವ ಯಾತ್ರೆಯಿಂದಲೂ ನಾವು ಅಷ್ಟು ತುಂಬಿದ ಮನಸ್ಸಿನಿಂದ ಮರಳಿದ್ದಿಲ್ಲ.